ಪೈಲಟ್ ಲೈಸೆನ್ಸ್ ಅಮೆರಿಕದ್ದು, ವಿಳಾಸ ನಮ್ಮೂರಿನದು



ಮನೆ ಒಂದು ಕಡೆ, ದಾಖಲೆಪತ್ರ ಇನ್ನೊಂದು ಕಡೆ ಇದ್ದರೆ ಎಷ್ಟು ಅಲೆದಾಟವೆಂದು ಗಡಿನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಮೆರಿಕದಲ್ಲಿ ವಿಮಾನ ಹಾರಿಸಲು ಕಲಿತು, ಅಲ್ಲಿಯ ಲೈಸೆನ್ಸ್ ಪಡೆದು ಊರಿಗೆ ಮರಳಿದವರಿಗೂ ಈಗ ಅಂಥದೇ ಪಾಡು. ಇದಕ್ಕೆ ಕಾರಣ ಅಲ್ಲಿಯ ವಿಮಾನಯಾನ ಆಡಳಿತ ಸಂಸ್ಥೆ ಎಫ್‌ಎಎ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಒಂದು ನಿಯಮ.

ಎಫ್‌ಎಎ ದಾಖಲೆಯಲ್ಲಿ ವಿದೇಶದ ವಿಳಾಸ ಮಾತ್ರ ಇರುವವರು, ತಮ್ಮ ಪರವಾಗಿ ನೋಟಿಸು ಪಡೆಯಲು ಅಮೆರಿಕದಲ್ಲಿ ಒಬ್ಬ ಪ್ರತಿನಿಧಿಯನ್ನು ಹೆಸರಿಸಬೇಕು. ಹೊಸ ಅರ್ಜಿದಾರರಿಗೆ 2025ರ ಜನವರಿ 6ರಿಂದ, ಮೊದಲೇ ಲೈಸೆನ್ಸ್ ಇದ್ದವರಿಗೆ ಅದೇ ವರ್ಷದ ಜುಲೈ 7ರಿಂದ ಇದು ಕಡ್ಡಾಯವಾಗಿದೆ. ವಿಮಾನದ ಮೆಕ್ಯಾನಿಕ್‌ಗಳಿಗೂ ಡ್ರೋನ್ ಪ್ರಮಾಣಪತ್ರ ಇರುವವರಿಗೂ ಇದು ಅನ್ವಯಿಸುತ್ತದೆ. ಪ್ರತಿನಿಧಿಯನ್ನು ಹೆಸರಿಸದವರು ತಮ್ಮ ಲೈಸೆನ್ಸನ್ನು ಬಳಸುವಂತಿಲ್ಲ.

ಎಫ್‌ಎಎ ಪೈಲಟ್ ಲೈಸೆನ್ಸ್‌ಗೆ ಮುಕ್ತಾಯದ ದಿನಾಂಕವಿಲ್ಲ. ಹಾಗಾಗಿ ಕಾರ್ಡು ಕಪಾಟಿನಲ್ಲಿದ್ದರೆ ಸಾಕು, ಎಲ್ಲ ಸರಿಯಿದೆ ಎಂದು ಹಲವರು ನಿಶ್ಚಿಂತೆಯಿಂದಿರುತ್ತಾರೆ. ಆದರೆ ಲೈಸೆನ್ಸ್ ಇರುವುದು ಬೇರೆ, ಹಾರಿಸುವ ಹಕ್ಕು ಇರುವುದು ಬೇರೆ. ಆ ಹಕ್ಕು ಉಳಿಯಲು 24 ತಿಂಗಳಿಗೊಮ್ಮೆ ಎಫ್‌ಎಎ ಮಾನ್ಯತೆಯ ಬೋಧಕರ ಬಳಿ ಕನಿಷ್ಠ ಒಂದು ಗಂಟೆ ನೆಲದ ಪಾಠ, ಒಂದು ಗಂಟೆ ಹಾರಾಟದ ಪಾಠ ಮುಗಿಸಿ ಸಹಿ ಪಡೆಯಬೇಕು. ವೈದ್ಯಕೀಯ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು. ಪ್ರಯಾಣಿಕರನ್ನು ಕೂರಿಸಿಕೊಳ್ಳುವುದಾದರೆ ಹಿಂದಿನ 90 ದಿನಗಳಲ್ಲಿ ಮೂರು ಸಲವಾದರೂ ವಿಮಾನ ಏರಿಸಿ ಇಳಿಸಿರಬೇಕು. ಮನೆ ಬದಲಾದರೆ 30 ದಿನಗಳೊಳಗೆ ಹೊಸ ವಿಳಾಸ ತಿಳಿಸಬೇಕು. ಪ್ರತಿನಿಧಿಯ ನಿಯಮ ಇವುಗಳ ಸಾಲಿಗೆ ಹೊಸದಾಗಿ ಸೇರಿದೆ.

ಸರ್ಕಾರದ ವಾದದಲ್ಲಿ ಹುರುಳಿಲ್ಲದಿಲ್ಲ. ಬೇರೆ ದೇಶದಲ್ಲಿರುವವರಿಗೆ ಕಾನೂನಿನ ನೋಟಿಸು ಮುಟ್ಟಿಸಲು ಅಂತರರಾಷ್ಟ್ರೀಯ ಒಪ್ಪಂದಗಳ ದಾರಿ ಹಿಡಿಯಬೇಕು. ಅದಕ್ಕೆ ಹಣವೂ ಸಮಯವೂ ಬಹಳ ಬೇಕು. ಸುರಕ್ಷತೆಯ ವಿಷಯದಲ್ಲಿ ತಡ ಸಲ್ಲದು, ನಿಜ. ಆದರೆ ಆ ಹೊರೆ ಈಗ ಸರ್ಕಾರದ ಹೆಗಲಿನಿಂದ ಪೈಲಟರ ಹೆಗಲಿಗೆ ದಾಟಿದೆ. ಅಲ್ಲಿ ಬಂಧುಬಳಗ ಇದ್ದವರಿಗೆ ಕಷ್ಟವಿಲ್ಲ. ಇಲ್ಲದವರು ದುಡ್ಡು ಕೊಟ್ಟು ಈ ಸೇವೆ ಕೊಡುವ ಸಂಸ್ಥೆಗಳನ್ನು ಹುಡುಕಬೇಕು.

ಪ್ರತಿನಿಧಿ 18 ವರ್ಷ ತುಂಬಿದವರಾಗಿರಬೇಕು ಅಥವಾ ಒಂದು ಸಂಸ್ಥೆಯಾಗಿರಬೇಕು; ಅಮೆರಿಕದಲ್ಲಿ ನಿಜವಾದ ವಿಳಾಸ ಇರಬೇಕು, ಅಂಚೆ ಪೆಟ್ಟಿಗೆಯ ಸಂಖ್ಯೆ ನಡೆಯದು. ಅವರ ಕೈಗೆ ನೋಟಿಸು ತಲುಪಿದರೆ ನಿಮ್ಮ ಕೈಗೆ ತಲುಪಿದಂತೆಯೇ ಲೆಕ್ಕ. ಹೆಸರು ಕೊಟ್ಟ ಚಿಕ್ಕಪ್ಪನ ಮಗ ಆ ಲಕೋಟೆಯನ್ನು ಒಡೆಯದೆ ಮೂಲೆಗಿಟ್ಟರೆ, ಉತ್ತರ ಕೊಡಬೇಕಾದ ಗಡುವು ಇಲ್ಲಿ ನಿಮಗೆ ಗೊತ್ತಿಲ್ಲದೆಯೇ ಕಳೆದುಹೋದೀತು. ಆದ್ದರಿಂದ ಸಂಬಂಧ ಎಷ್ಟು ಹತ್ತಿರದ್ದು ಎನ್ನುವುದಕ್ಕಿಂತ, ಬಂದ ಕಾಗದವನ್ನು ಅಂದೇ ತಿಳಿಸುವ ಜವಾಬ್ದಾರಿ ಅವರಿಗಿದೆಯೇ ಎಂದು ನೋಡಿ.

ಇನ್ನೊಂದು ತಪ್ಪು ಕಲ್ಪನೆಯೂ ಇದೆ. ಎಫ್‌ಎಎ ಲೈಸೆನ್ಸ್ ಒಂದನ್ನೇ ಹಿಡಿದು ಭಾರತದಲ್ಲಿ ನೋಂದಾಯಿಸಿದ, 'ವಿಟಿ' ಅಕ್ಷರಗಳ ವಿಮಾನ ಹಾರಿಸಲಾಗದು. 1944ರ ಷಿಕಾಗೊ ಒಪ್ಪಂದದ ಪ್ರಕಾರ ವಿಮಾನ ಯಾವ ದೇಶದ್ದೋ ಆ ದೇಶ ಕೊಟ್ಟ ಅಥವಾ ಮಾನ್ಯ ಮಾಡಿದ ಲೈಸೆನ್ಸ್ ಬೇಕು. ಇಲ್ಲಿ ಕೆಲಸ ಮಾಡಬೇಕೆಂದರೆ ಡಿಜಿಸಿಎ ಪರೀಕ್ಷೆ, ಇಲ್ಲಿಯ ವೈದ್ಯಕೀಯ ತಪಾಸಣೆ ಮುಗಿಸಿ ಲೈಸೆನ್ಸ್ ಪರಿವರ್ತಿಸಿಕೊಳ್ಳಬೇಕು. ಆಗ ವಿದೇಶಿ ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಅಸಲಿಯೇ ಎಂಬ ಪರಿಶೀಲನೆಯೂ ನಡೆಯುತ್ತದೆ. ಮಕ್ಕಳ ತರಬೇತಿಗೆಂದು ಹೊಲ ಅಡವಿಟ್ಟ, ಬ್ಯಾಂಕಿನ ಸಾಲ ತೆಗೆದ ಮನೆಯವರಿಗೆ ಒಂದು ಸಣ್ಣ ಮರೆವು ದೊಡ್ಡ ನಷ್ಟವಾಗಬಹುದು.

ನಿಮ್ಮ ಮನೆಯಲ್ಲಿ ಇಂಥ ಲೈಸೆನ್ಸ್ ಇದ್ದರೆ ಈ ವಾರವೇ ನಾಲ್ಕು ಸಂಗತಿ ನೋಡಿಕೊಳ್ಳಿ: ಎಫ್‌ಎಎ ದಾಖಲೆಯಲ್ಲಿರುವ ವಿಳಾಸ, ಪ್ರತಿನಿಧಿಯ ಹೆಸರು, ವೈದ್ಯಕೀಯ ಪ್ರಮಾಣಪತ್ರದ ಅವಧಿ, ಬೋಧಕರ ಕೊನೆಯ ಸಹಿಯ ದಿನಾಂಕ. ಪ್ರತಿನಿಧಿಯ ನೋಂದಣಿ ಎಫ್‌ಎಎ ಜಾಲತಾಣದಲ್ಲೇ ಆಗುತ್ತದೆ. ಪರಿಚಯದ ಪೈಲಟರಿದ್ದರೆ ಅವರಿಗೂ ತಿಳಿಸಿ.