ಒತ್ತುವರಿ ಮಾಡಿದವರು ಯಾರು?

ಪ್ರತಿ ಮಳೆಗಾಲದಲ್ಲೂ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಒಂದೇ ತೀರ್ಪು ಬರುತ್ತದೆ. ಗೇಟಿನ ಮುಂದೆ ಮೊಣಕಾಲುದ್ದ ನೀರಿನ ಫೋಟೊ, ಅದರ ಕೆಳಗೆ: ‘ಈ ಝೋಪಡಪಟ್ಟಿಗಳನ್ನು ಎತ್ತಿಸದೆ ಮುಂಬಯಿ ಉದ್ಧಾರ ಆಗೊಲ್ಲ.’ ಈ ಸಲ ಹಾಗೆ ಬರೆದವರು ನಮ್ಮ ಉಡುಪಿ ಕಡೆಯವರೇ. ಕೆಲಸ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡದಲ್ಲಿ. ಅವರಿಗೆ ಬರೆಯಹೊರಟ ಉತ್ತರ ಉದ್ದವಾಯಿತು, ಹಾಗಾಗಿ ಇಲ್ಲಿ.

ಮಾರಾಯ್ರೇ, ನಿಮ್ಮ ಆಫೀಸಿನ ಕುರ್ಚಿ ಎಲ್ಲಿದೆ ಎಂದು ಯೋಚಿಸಿದ್ದೀರಾ? ಮಿಠಿ ನದಿ ಮಾಹಿಮ್ ಖಾಡಿ ಸೇರುವ ಮುನ್ನ ಮೈಚೆಲ್ಲಿ ಹರಡಿಕೊಳ್ಳುತ್ತಿದ್ದ ಜೌಗಿನ ಮೇಲೆ. 1977ರಲ್ಲಿ ಆ ತಗ್ಗು ನೆಲವನ್ನು ಸರ್ಕಾರಿ ಪ್ರಾಧಿಕಾರವೊಂದಕ್ಕೆ ಒಪ್ಪಿಸಲಾಯಿತು; ಮಣ್ಣು ತುಂಬಿ, ಸುಮಾರು 370 ಹೆಕ್ಟೇರಿನ ಸಂಕೀರ್ಣ ಎದ್ದಿತು. ಅದಕ್ಕೂ ಮೇಲೆ, ವಿಮಾನ ನಿಲ್ದಾಣದ ರನ್‌ವೇ ಅದೇ ನದಿಯ ಮೇಲೆ ಮಲಗಿದೆ. ನದಿ ಅದರಡಿ ನುಸುಳಿ, ಗೋಡೆಗಳ ನಡುವೆ ಲಂಬಕೋನದಲ್ಲಿ ತಿರುಗಿ ಸಮುದ್ರದ ದಾರಿ ಹಿಡಿಯಬೇಕು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ತಾಸಿನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅಷ್ಟು ಮಳೆಯನ್ನು ಯಾವ ನಗರವೂ ಸುಲಭಕ್ಕೆ ತಾಳದು, ಒಪ್ಪಿದೆ. ನದಿಯ ದಂಡೆಯಲ್ಲಿ ಗುಡಿಸಲು, ಗ್ಯಾರೇಜು, ಪ್ಲಾಸ್ಟಿಕ್ ಕಸ ಎಲ್ಲ ಇದ್ದವು, ಅದನ್ನೂ ಒಪ್ಪಿದೆ. ಆದರೆ ನೀರು ಕಾಯಲೆಂದು ಪ್ರಕೃತಿ ಬಿಟ್ಟಿದ್ದ ಅಂಗಳವನ್ನೇ ತುಂಬಿ ಕಟ್ಟಿದವರು ಗುಡಿಸಲಿನವರಲ್ಲ. ನಕ್ಷೆ, ಟೆಂಡರು, ಮೊಹರು ಎಲ್ಲ ಇದ್ದವರು.

ಇದು ಹೊಸ ಚಾಳಿಯೂ ಅಲ್ಲ. ಏಳು ದ್ವೀಪಗಳನ್ನು ಒಂದು ಮಾಡಿದ ನಗರವಿದು. 1780ರ ದಶಕದಲ್ಲಿ ಮಹಾಲಕ್ಷ್ಮಿ ಮತ್ತು ವರ್ಲಿ ನಡುವೆ ಸಮುದ್ರ ಒಳನುಗ್ಗುತ್ತಿದ್ದ ಬಾಯಿಯನ್ನು ಹಾರ್ನ್‌ಬಿ ವೆಲ್ಲಾರ್ಡ್ ಒಡ್ಡು ಮುಚ್ಚಿತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಚಿನ್ನದ ಬೆಲೆ ಬಂದಾಗ, ಬ್ಯಾಕ್ ಬೇ ತುಂಬುವ ಕಂಪನಿಗಳ ಷೇರಿಗೆ ಜನ ಮುಗಿಬಿದ್ದರು. 1865ರಲ್ಲಿ ಯುದ್ಧ ನಿಂತಿತು, ಷೇರು ಮುಳುಗಿತು. 1920ರ ದಶಕದಲ್ಲಿ ಸರ್ಕಾರವೇ ಮತ್ತೆ ಬ್ಯಾಕ್ ಬೇಗೆ ಕೈ ಹಾಕಿದಾಗ ಅದರ ಹಗರಣವನ್ನು ಬಯಲಿಗೆಳೆದವರು ವಕೀಲ ಖುರ್ಷೆದ್ ನರಿಮನ್. ಮುಂದೆ ಸಮುದ್ರ ತುಂಬಿ ಕಟ್ಟಿದ ಕಚೇರಿಗಳ ಜಾಗಕ್ಕೆ ನಾವು ಇಟ್ಟ ಹೆಸರು ನರಿಮನ್ ಪಾಯಿಂಟ್! ಪ್ರತಿರೋಧಕ್ಕೆ ಇದಕ್ಕಿಂತ ದೊಡ್ಡ ಅವಮಾನ ನನಗೆ ತಿಳಿಯದು.

ಈ ಕೆಲಸಕ್ಕೆ ಇಂಗ್ಲಿಷಿನವರು ಕೊಟ್ಟ ಹೆಸರು ರಿಕ್ಲಮೇಷನ್, ಎಂದರೆ ಮರಳಿ ಪಡೆಯುವುದು. ಯಾವತ್ತೂ ನಮ್ಮದಾಗಿರದ ಸಮುದ್ರವನ್ನು ಮರಳಿ ಪಡೆಯುವುದು ಹೇಗೆ? ಬಡವ ಹತ್ತಡಿ ತುಂಬಿದರೆ ಒತ್ತುವರಿ, ಸರ್ಕಾರ ನೂರಾರು ಎಕರೆ ತುಂಬಿದರೆ ಅಭಿವೃದ್ಧಿ.

ಮ್ಯಾಂಗ್ರೋವ್ ಕಾಡು ಕಡಿಯದಂತೆ ಬಾಂಬೆ ಹೈಕೋರ್ಟು 2005ರಲ್ಲೇ ತಡೆ ಹಾಕಿತು, 2018ರಲ್ಲಿ ಅದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿತು. ಆದರೂ ‘ಸಾರ್ವಜನಿಕ ಹಿತ’ದ ಯೋಜನೆ ಎಂದರೆ ಬಾಗಿಲು ತೆರೆಯುತ್ತದೆ. ಕೋಸ್ಟಲ್ ರೋಡಿಗೆ ನೂರು ಹೆಕ್ಟೇರಿಗೂ ಮಿಕ್ಕು ಸಮುದ್ರ ತುಂಬಲಾಯಿತು. ವರ್ಲಿಯ ಕೋಳಿ ಮೀನುಗಾರರು ಕೇಳಿದ್ದು ತಮ್ಮ ದೋಣಿ ದಾಟುವಷ್ಟು ಅಗಲದ ದಾರಿ. ಕಂಬಗಳ ನಡುವಿನ ಅಂತರ 60 ಮೀಟರಿನಿಂದ 120ಕ್ಕೆ ಏರಬೇಕಾದರೆ ಅವರು ಕೆಲಸ ಬಿಟ್ಟು ಹೋರಾಡಬೇಕಾಯಿತು. ಆ ದಿನಗಳಲ್ಲಿ ನಮ್ಮ ಗುಂಪಿನಲ್ಲಿ ಬಂದದ್ದು, ‘ಈ ಜನಕ್ಕೆ ಪ್ರಗತಿ ಬೇಡ’ ಎಂಬ ಫಾರ್ವರ್ಡ್.

ನಮ್ಮೂರಲ್ಲಿ ಅಳಿವೆಯ ಬಾಯಿಗೆ ಮರಳು ಕೂತು ನೀರು ಗದ್ದೆಗೆ ಹಿಂದಿರುಗಿದರೆ, ಊರವರು ಹಾರೆ ಹಿಡಿದು ಹೋಗಿ ದಿಬ್ಬ ಕಡಿಯುತ್ತಿದ್ದರು. ನದಿಗೆ ಬಾಯಿ ಬೇಕು ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತು. ಅದೇ ನಾವು ಇಲ್ಲಿಗೆ ಬಂದು ‘ಖಾಡಿ ವ್ಯೂ’ ಫ್ಲ್ಯಾಟಿಗೆ ಸಾಲ ಮಾಡುತ್ತೇವೆ. ಈ ಮಾತು ನನಗೂ ಅನ್ವಯಿಸುತ್ತದೆ. ನನ್ನ ಕಟ್ಟಡದ ಕೆಳಗೂ ಒಂದು ನಾಲೆ ಇತ್ತೆಂದು ಹಳೆಯ ವಾಚ್‌ಮನ್ ಹೇಳಿದ್ದಾನೆ.

ಮುಂದಿನ ತಿಂಗಳು ನಮ್ಮ ಸೊಸೈಟಿಯ ರೀಡೆವಲಪ್‌ಮೆಂಟ್ ಸಭೆಯಿದೆ. ಕಾರ್ಪೆಟ್ ಏರಿಯಾ ಎಷ್ಟು ಸಿಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಆ ನಾಲೆಯನ್ನು ಎಲ್ಲಿಗೆ ತಿರುಗಿಸುತ್ತೀರಿ ಎಂದು ನಾನು ಕೇಳುವವನಿದ್ದೇನೆ. ಮಾರಾಯ್ರೇ, ನೀವೂ ಪಕ್ಕದಲ್ಲಿ ಕೂತು ಕೈ ಎತ್ತುತ್ತೀರಾ?