ತಂಡ ಚದುರಿದರೂ ಹಾಡು ಉಳಿಯಲಿ

ಕಳೆದ ರಾಜ್ಯೋತ್ಸವದ ಪೂರ್ವಭಾವಿ ಸಭೆಯಲ್ಲಿ ಸೂರತ್ತಿನ ಹುಡುಗನೊಬ್ಬ ಗಿಟಾರಿನೊಡನೆ ಶಿಶುನಾಳ ಶರೀಫರ ತತ್ವಪದ ಹಾಡಲು ಅನುಮತಿ ಕೇಳಿದ. ಹಾರ್ಮೋನಿಯಂ ಆದರೆ ಸರಿ, ಗಿಟಾರು ನಮ್ಮದಲ್ಲ ಎಂದು ಹಿರಿಯರು ತೀರ್ಮಾನಿಸಿದರು. ಕೈಯೆತ್ತಿದವರಲ್ಲಿ ನಾನೂ ಒಬ್ಬ. ಹುಡುಗ ಮತ್ತೆ ಸಂಘದತ್ತ ಸುಳಿಯಲಿಲ್ಲ. ನಮ್ಮ ತೀರ್ಮಾನ ತಪ್ಪೆಂದು ಈಗ ಒಪ್ಪಿಕೊಳ್ಳುತ್ತೇನೆ.

ಹಾರ್ಮೋನಿಯಂ ಯಾವಾಗ ನಮ್ಮದಾಯಿತು? ಆಕಾಶವಾಣಿಯೇ 1940ರಲ್ಲಿ ಅದನ್ನು ಹೊರಗಿಟ್ಟು, ಮೂರು ದಶಕಗಳ ಬಳಿಕ ಒಳಗೆ ಬಿಟ್ಟುಕೊಂಡಿತು.

ಇದೇ ಶರೀಫರನ್ನು ಗಿಟಾರು, ಡ್ರಮ್ಮುಗಳೊಡನೆ ಹಾಡಿದ ರಘು ದೀಕ್ಷಿತರ ದಾರಿಯನ್ನು ನೋಡಿ. ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ, ಭರತನಾಟ್ಯ ಕಲಿತ ಇವರು ಮೊದಲು ಕಟ್ಟಿದ ‘ಅಂತರಾಗ್ನಿ’ ತಂಡ ಚದುರಿತು. ಧ್ವನಿಮುದ್ರಣ ಸಂಸ್ಥೆಗಳು ವರ್ಷಗಟ್ಟಲೆ ಬಾಗಿಲು ತೆರೆಯಲಿಲ್ಲ. ಆಗ ಅವರು ಕಟ್ಟಿದ ‘ರಘು ದೀಕ್ಷಿತ್ ಪ್ರಾಜೆಕ್ಟ್’ ವಾದಕರು ಬಂದು ಹೋಗಬಹುದಾದ ತೆರೆದ ಮನೆಯಾಯಿತು. 2008ರಲ್ಲಿ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ತಮ್ಮ ಸಂಸ್ಥೆಯಿಂದ ಮೊದಲ ಧ್ವನಿಸಂಪುಟ ಹೊರತಂದರು. 2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. 2013ರಲ್ಲಿ ‘ಜಗ್ ಚಂಗಾ’ ಬರುವ ಹೊತ್ತಿಗೆ ಪ್ರಕಾಶಕರೂ ಬದಲಾಗಿದ್ದರು. ಜೊತೆಗಾರರು ಬದಲಾಗುತ್ತಲೇ ಇದ್ದರು. ಹಾಡು ಮಾತ್ರ ನಿಲ್ಲಲಿಲ್ಲ.

ಹೊರನಾಡ ಸಂಘಗಳ ಕಥೆಯೂ ಇದೇ ಅಲ್ಲವೆ? ವರ್ಗಾವಣೆಯ ಆದೇಶ ಬಂದೊಡನೆ ಅಹಮದಾಬಾದಿನ ಕಾರ್ಯದರ್ಶಿ ಭೋಪಾಲಕ್ಕೆ, ವಡೋದರದ ಖಜಾಂಚಿ ಚೆನ್ನೈಗೆ ಹೊರಡುತ್ತಾರೆ. ನಾನೂ ಹಾಗೆ ಬಂದವನು, ಹಾಗೆಯೇ ಹೋಗುವವನು. ಆದರೆ ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ವರ್ಗವಿಲ್ಲ. ಸಂಘವನ್ನು ಮುಂದುವರಿಸಬೇಕಾದವರು ಅವರು. ಅವರನ್ನೇ ಬಾಗಿಲಲ್ಲಿ ತಡೆದರೆ ಉಳಿಯುವುದು ನಾಮಫಲಕ ಮಾತ್ರ.

ಅಬ್ಬರದಲ್ಲಿ ಸಾಹಿತ್ಯ ಮುಳುಗುತ್ತದೆ ಎಂಬ ಹಿರಿಯರ ಆತಂಕ ಸುಳ್ಳಲ್ಲ. ಅದಕ್ಕೆ ಪರಿಹಾರ ನಿಷೇಧವಲ್ಲ, ಪಾಠ. ವಡೋದರದಲ್ಲಿ 1886ರಲ್ಲಿ ಗಾಯನಶಾಲೆ ತೆರೆದ ಮೌಲಾಬಕ್ಷ್ ಉತ್ತರಾದಿಯ ಗಾಯಕರಾಗಿದ್ದೂ ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತವರು. ಅಂದು ಅವರು ಇನ್ನೊಂದು ಪದ್ಧತಿಯನ್ನು ಕಲಿಯಲು ಹಿಂಜರಿಯಲಿಲ್ಲ.

ನನ್ನ ಸಲಹೆ ಇಷ್ಟೆ: ಮುಂದಿನ ರಾಜ್ಯೋತ್ಸವದಲ್ಲಿ ಮೂರೂ ನಗರಗಳ ತರುಣರಿಗೆ ಒಂದು ಗಂಟೆ ಮೀಸಲಿಡೋಣ. ವಾದ್ಯ ಅವರ ಆಯ್ಕೆ. ಪದದ ಅರ್ಥ, ಉಚ್ಚಾರಗಳನ್ನು ಕಲಿಸುವ ಹೊಣೆ ನಮ್ಮದು. ಅದಕ್ಕೂ ಮೊದಲು ಸೂರತ್ತಿನ ಆ ಹುಡುಗನ ಮನೆಗೆ ಯಾರಾದರೂ ಹೋಗಿ ಕರೆಯಬೇಕು. ಕೈಯೆತ್ತಿದ ತಪ್ಪಿಗೆ ನಾನೇ ಹೋಗುತ್ತೇನೆ.