ಕಣ ಗುಡಿಸದೆ ರಾಶಿ ಮಾಡಿದರೆ

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೊರಟರೆ ಹೆದ್ದಾರಿಯಲ್ಲಿ ರಾಜೇಶ್ವರ ಸಿಗುತ್ತದೆ. ತೊಗರಿ, ಉದ್ದು, ಹೆಸರು ಬೆಳೆಯುವ ಸೀಮೆ. ರಾಶಿಗೆ ಮುನ್ನ ಕಣ ಗುಡಿಸಬೇಕೆಂದು ಅಲ್ಲಿನ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಿಂದಿನ ಕಾಳು ಅಲ್ಲೇ ಉಳಿದರೆ ಈ ಸಲದ ಇಳುವರಿಯ ಲೆಕ್ಕವೇ ತಪ್ಪುತ್ತದೆ. ತಂತ್ರಾಂಶ ಪರೀಕ್ಷಿಸುವವರು ಮರೆಯುವುದು ಇದನ್ನೇ.

ಯೂನಿಕ್ಸ್, ಲಿನಕ್ಸ್ ಕಂಪ್ಯೂಟರುಗಳಲ್ಲಿ ‘ಟಿಎಂಪಿ’ ಎಂಬ ಡೈರೆಕ್ಟರಿಯೇ ಊರ ಕಣ. ಪರೀಕ್ಷೆಯ ತಾತ್ಕಾಲಿಕ ಕಡತಗಳು ಹುಟ್ಟುವುದು ಅಲ್ಲಿ. ಕೆಲಸ ಮುಗಿದೊಡನೆ ಅವು ಅಳಿಯಬೇಕು. ಪರೀಕ್ಷೆ ನಡುವೆಯೇ ನಿಂತುಹೋದರೆ ಉಳಿದುಬಿಡುತ್ತವೆ. ಮರುದಿನ ತಂತ್ರಾಂಶ ಏನನ್ನೂ ಬರೆಯದಿದ್ದರೂ ನಿನ್ನೆಯ ಕಡತ ಕಂಡು ಪರೀಕ್ಷೆ ‘ಪಾಸ್’ ಎನ್ನುತ್ತದೆ. ಸೋಲುವ ಪರೀಕ್ಷೆಗಿಂತ ಸುಳ್ಳು ಹೇಳುವ ಪರೀಕ್ಷೆ ಹೆಚ್ಚು ಅಪಾಯಕಾರಿ.

ಇನ್ನೊಂದು ತೊಡಕು ಅನುಮತಿಯದು. ನಿನ್ನೆ ಯಾರೋ ಅವಸರದಲ್ಲಿ ‘ರೂಟ್’ ಅಧಿಕಾರದಿಂದ ಪರೀಕ್ಷೆ ನಡೆಸಿರುತ್ತಾರೆ. ಇಂದು ಸಾಮಾನ್ಯ ಬಳಕೆದಾರ ನಡೆಸಿದರೆ ‘ಪರ್ಮಿಷನ್ ಡಿನೈಡ್’! ಬಹಳ ಮಂದಿ ಆ ಕಡತದ ಅನುಮತಿಯನ್ನೇ ನೋಡುತ್ತ ಕೂರುತ್ತಾರೆ. ಆದರೆ ಕಡತ ಅಳಿಸಲು ಬೇಕಾದುದು ಅದನ್ನಿಟ್ಟ ಡೈರೆಕ್ಟರಿಯಲ್ಲಿ ಬರೆಯುವ ಮತ್ತು ಒಳಹೋಗುವ ಅನುಮತಿ. ಡೈರೆಕ್ಟರಿ ಎಂದರೆ ಹೆಸರುಗಳ ಪಟ್ಟಿ. ಅಳಿಸುವುದೆಂದರೆ ಪಟ್ಟಿಯಿಂದ ಹೆಸರು ಹೊಡೆದುಹಾಕುವುದು.

ಟಿಎಂಪಿಗೆ ಮತ್ತೊಂದು ಕಟ್ಟಳೆಯಿದೆ. ಅದರ ಅನುಮತಿ 1777. ಮೂರು ಏಳುಗಳು ಎಲ್ಲರಿಗೂ ಬಾಗಿಲು ತೆರೆಯುತ್ತವೆ. ಮೊದಲಿನ 1, ಅಂದರೆ ‘ಸ್ಟಿಕಿ ಬಿಟ್’, ಅವರವರ ಚೀಲ ಅವರವರೇ ಎತ್ತಬೇಕು ಎನ್ನುತ್ತದೆ. 1986ರ 4.3 ಬಿಎಸ್‌ಡಿ ಯೂನಿಕ್ಸ್‌ನಲ್ಲಿ ಬಂದ ಏರ್ಪಾಡಿದು. ರೂಟ್ ಅಲ್ಲಿಟ್ಟುದನ್ನು ಬೇರೆ ಬಳಕೆದಾರ ತೆಗೆಯಲಾರ.

ಆಗ ಹೊಳೆಯುವ ಸುಲಭದ ಮದ್ದು ಎರಡು: ‘ಸಿಎಚ್‌ಮಾಡ್ 777’ ಎಂದು ಎಲ್ಲರಿಗೂ ಎಲ್ಲ ಹಕ್ಕು ಕೊಡುವುದು, ಇಲ್ಲವೇ ಮತ್ತೆ ರೂಟ್ ಆಗಿಯೇ ನಡೆಸುವುದು. ಎರಡೂ ಕೆಡುಕು. ರೂಟ್‌ಗೆ ಈ ಬೇಲಿಗಳು ಲೆಕ್ಕಕ್ಕಿಲ್ಲ. ‘ಓದಲು ಮಾತ್ರ’ ಎಂದಿರುವ ಕಡತಕ್ಕೂ ಬರೆದುಬಿಡುತ್ತದೆ. ತಡೆ ಸರಿಯಾಗಿ ಬೀಳುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಆಗ ಅರ್ಥವೇ ಇಲ್ಲ.

ಇದು ಪ್ರೋಗ್ರಾಮರುಗಳ ಮನೆವಾರ್ತೆಯಷ್ಟೇ ಅಲ್ಲ. 2001ರ ಹೊತ್ತಿಗೆ ಕರ್ನಾಟಕದ ಪಹಣಿಗಳು ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದಾಗ, ತಿದ್ದಿದವರು ಯಾರೆಂಬುದು ಖಚಿತವಾಗಲೆಂದು ಸಿಬ್ಬಂದಿಯ ಬೆರಳಚ್ಚು ಗುರುತಿನ ವ್ಯವಸ್ಥೆ ಮಾಡಲಾಗಿತ್ತು. ಯಾರು ಓದಬಹುದು, ಯಾರು ಬರೆಯಬಹುದು ಎಂಬುದು ಹೊಲದ ಒಡೆತನದ ಪ್ರಶ್ನೆಯೂ ಹೌದು. ಅಂಥ ದಾಖಲೆಯ ನಕಲನ್ನು ಪರೀಕ್ಷೆಗೆಂದು ತಂದು 777 ಮಾಡಿ ಬಿಟ್ಟುಹೋದರೆ, ಆ ಯಂತ್ರದ ಬಳಕೆದಾರರೆಲ್ಲ ಅದನ್ನು ಓದಬಹುದು.

ಸರಿದಾರಿ ಕಷ್ಟದ್ದೇನಲ್ಲ. ಮೊದಲು ‘ಎಲ್‌ಎಸ್ -ಎಲ್‌ಡಿ’ ಆಜ್ಞೆಯಿಂದ ಡೈರೆಕ್ಟರಿಯ ಒಡೆಯ ಯಾರೆಂದು ನೋಡಿ. ಅದರ ಮೇಲಿನ ಡೈರೆಕ್ಟರಿಯನ್ನೂ ನೋಡಿ. ರೂಟ್ ಬಿಟ್ಟುಹೋದುದನ್ನು ಆಡಳಿತಗಾರರಿಂದ ಒಮ್ಮೆ ತೆಗೆಸಿ. ಮುಂದೆ ಪ್ರತಿ ಸಲವೂ ‘ಎಂಕೆಟೆಂಪ್ -ಡಿ’ ಆಜ್ಞೆಯಿಂದ ಹೊಸ ಡೈರೆಕ್ಟರಿ ಪಡೆಯಿರಿ. ಅದರ ಅನುಮತಿ 700, ಒಡೆಯನಿಗೆ ಮಾತ್ರ. ಪರೀಕ್ಷೆ ಗೆದ್ದರೂ ಸೋತರೂ ಅಳಿಸುವಂತೆ ‘ಟ್ರ್ಯಾಪ್’ ಬರೆದಿಡಿ. ‘ಕಿಲ್ -9’ ಬಂದರೆ ಆ ಟ್ರ್ಯಾಪ್ ಕೂಡ ನಡೆಯದು. ಆದ್ದರಿಂದ ಶುರುವಿನಲ್ಲೂ ನಿಮ್ಮದೇ ಹಳೆಯ ಕಸವನ್ನು ಹುಡುಕಿ ತೆಗೆಯಿರಿ.

ರಾಶಿ ಮುಗಿದ ಮೇಲೂ ಗುಡಿಸಬೇಕು, ಶುರುವಿಗೂ ಗುಡಿಸಬೇಕು. ಪಕ್ಕದವರ ಚೀಲಕ್ಕೆ ಮಾತ್ರ ಕೈ ಹಾಕಬಾರದು.